ಬೆನ್ನ ಹಿಂದಿನ ಕೈ

"ಹೋಸಿಯಾ, ನಿನ್ನ ಎಡಗೈ ಎಲ್ಲಿ?" ಎಂದು ಲೂಷಿಯಸ್ ಬ್ರಾಂಟ್ಲಿ ಕೇಳಿದ.

ಸಾಲಿನ ಕೊನೆಯಲ್ಲಿ ನಿಂತಿದ್ದ ಹೋಸಿಯಾ ಪೆಟಿಗ್ರೂ ತನ್ನ ಹೊಟ್ಟೆಯ ಕಡೆ ಬಗ್ಗಿ ನೋಡಿಕೊಂಡ. ಬಿಳಿ ಕೈಗವಸು ತೊಟ್ಟ ಎರಡು ಕೈಗಳೂ ಅಲ್ಲೇ, ಕೋಟಿನ ಗುಂಡಿಯ ಮೇಲೆ, ಒಂದರ ಮೇಲೊಂದು ಮಲಗಿದ್ದವು.

"ಇಲ್ಲೇ ಇದೆಯಲ್ಲೋ. ಎಲ್ರಿಗೂ ಕಾಣೋ ಹಾಗೆ ಇಟ್ಕೊಂಡಿದೀನಿ."

"ಅದು ಇರೋ ಜಾಗ ಅದಲ್ಲ."

"ಇರೋ ಜಾಗ ಯಾವುದು ಅಂತ ನಿನಗಿಂತ ಮೊದಲೇ ಕಲಿತೋನು ನಾನು. ನನಗೆ ಪಾಠ ಹೇಳೋಕೆ ಬರಬೇಡ."

ಸಾಲಿನಲ್ಲಿದ್ದ ಮಿಕ್ಕವರು ಎದುರಿನ ಗೋಡೆ ನೋಡತೊಡಗಿದರು. ಎಲ್ಲರೂ ಸಿಸ್ಟರ್ ಎಂದು ಕರೆಯುವ ಮೋಜೆಲ್ ಮಾತ್ರ, "ಇಬ್ಬರೂ ಒಂದು ತೀರ್ಮಾನಕ್ಕೆ ಬನ್ರಪ್ಪ. ನಿಮ್ಮ ಜಗಳ ಮುಗಿಯೋ ತನಕ ನಿಲ್ಲೋ ತ್ರಾಣ ನನ್ನ ಮಂಡಿಗಿಲ್ಲ," ಎಂದಳು. ಒಂದಿಬ್ಬರು ನಕ್ಕರು. ಲೂಷಿಯಸ್ ನಗಲಿಲ್ಲ.

ಶನಿವಾರ ಬೆಳಿಗ್ಗೆ ನ್ಯೂ ಹೆಬ್ರೋನ್ ಚರ್ಚಿನ ಕೆಳಗಿನ ಹಾಲಿನಲ್ಲಿ ಅಷರ್‌ಗಳ ಅಭ್ಯಾಸ ನಡೆಯುತ್ತಿತ್ತು. ಭಾನುವಾರ ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವುದು, ಸೆಕೆಯಾದವರಿಗೆ ಬೀಸಣಿಗೆ ಕೊಡುವುದು, ಹಾಡಿನ ಆವೇಶದಲ್ಲಿ ಯಾರಾದರೂ ಕುಸಿದರೆ ಹಿಡಿದುಕೊಳ್ಳುವುದು, ಇದೆಲ್ಲ ಅಷರ್‌ಗಳ ಕೆಲಸ. ಸಾಲಿನಲ್ಲಿ ನಿಂತ ಮೇಲೆ ಬಾಯಿ ಬಿಡುವಂತಿಲ್ಲ. ಎಲ್ಲವೂ ಕೈಸನ್ನೆಯಲ್ಲೇ ನಡೆಯಬೇಕು. ಕೆಲಸವಿಲ್ಲದಾಗ ಸುಮ್ಮನೆ ನಿಲ್ಲುವುದಕ್ಕೂ ಒಂದು ಕ್ರಮವಿದೆ. ಹಿಮ್ಮಡಿ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಬಲಗೈ ಇಳಿಬಿಟ್ಟು, ಎಡಗೈಯನ್ನು ಮಡಚಿ ಬೆನ್ನ ಹಿಂದೆ ಸೊಂಟದ ಮೇಲೆ ಮುಷ್ಟಿ ಕಟ್ಟಿ ಇಡಬೇಕು. ಅದಕ್ಕೆ ಸೇವೆಯ ನಿಲುವು ಎನ್ನುತ್ತಾರೆ. ಲೂಷಿಯಸ್ಸನ ಅಮ್ಮ ಹಾಗೆ ನಿಂತಿದ್ದಳು, ಅವಳ ಅಮ್ಮನೂ ಹಾಗೆಯೇ ನಿಂತಿದ್ದಳು. ಇವನು ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಬದುಕಿನಲ್ಲಿ ಸಿಕ್ಕ ದೊಡ್ಡ ಪದವಿ ಎಂದರೆ ಅಷರ್‌ಗಳ ಮುಖ್ಯಸ್ಥನ ಪದವಿಯೇ.

ಈಗ ವಿಚಿತ್ರವೆಂದರೆ, ಸಾಲಿಗೆಲ್ಲ ಕೈ ಹಿಂದಿಡಿ ಎನ್ನುವ ಯಜಮಾನನ ಕೈಯೇ ಹಿಂದೆ ಹೋಗುತ್ತಿರಲಿಲ್ಲ. ಲೂಷಿಯಸ್ಸನ ಎಡಗೈ ಭುಜದಿಂದ ಕೆಳಗೆ ಸುಮ್ಮನೆ ತೂಗುತ್ತಿತ್ತು. ಮೊಣಕೈಯಿಂದ ಕೆಳಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಅದನ್ನು ನೋಡಿದವರು ಬೇಗ ಕಣ್ಣು ತೆಗೆಯುತ್ತಿದ್ದರು.

ಅಭ್ಯಾಸ ಮುಗಿದು ಉಳಿದವರೆಲ್ಲ ಹೊರಟ ಮೇಲೆ ಹೋಸಿಯಾ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತ ಉಳಿದುಕೊಂಡ. ಊರಿನ ಕ್ಷೌರದಂಗಡಿ ಅವನದು. ಬಾಯಿ ಸುಮ್ಮನಿರುವ ಜಾತಿಯಲ್ಲ.

"ಈ ನಿಲುವು ಬದಲಾಯಿಸೋ ಮಾತನ್ನ ಅಷರ್‌ಗಳ ಬೋರ್ಡಿನ ಮುಂದೆ ಇಡು ಅಂತ ಹೇಳಿ ಎಷ್ಟು ದಿನ ಆಯ್ತು? ಕೈ ಮುಂದಕ್ಕೆ ತರೋದ್ರಲ್ಲಿ ಏನು ಆಕಾಶ ಕಳಚಿ ಬೀಳುತ್ತೆ?"

"ಕೋರ್ಟು ಹೇಳ್ಲಿ ಅಂದೆನಲ್ಲ. ಅಲ್ಲೀತನಕ ಕೈ ಹಿಂದೇನೇ."

"ಕೋರ್ಟಿಗೂ ನಮ್ಮ ಸಾಲಿಗೂ ಏನು ಸಂಬಂಧ ಮಾರಾಯ?"

"ನಾನು ಅವತ್ತು ನಿಂತಿದ್ದೆ ಅಷ್ಟೇ, ಇನ್ನೇನೂ ಮಾಡ್ಲಿಲ್ಲ ಅಂತ ಅವರು ಒಂದು ಮಾತು ಹೇಳಿದ್ರೆ ಮುಗೀತು. ಆಗ ನಾವು ಯಾಕೆ ಬದಲಾಯಿಸ್ಬೇಕು? ಈಗಲೇ ಬದಲಾಯಿಸಿದ್ರೆ, ನಾನು ನಿಂತಿದ್ದೇ ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗೆ."

"ಹೇಳ್ದೇ ಹೋದ್ರೆ?"

ಲೂಷಿಯಸ್ ಬಲಗೈಯಲ್ಲಿ ಒಂದು ಕುರ್ಚಿ ಎತ್ತಿದ. ಮಡಚಲು ಎರಡು ಕೈ ಬೇಕಿತ್ತು. ಹೋಸಿಯಾ ಬಂದು ಅದನ್ನು ತೆಗೆದುಕೊಂಡ.

"ನೋಡೋ, ನನ್ನ ಅಂಗಡೀಲಿ ಬಂದು ಕೂರ್ತಾರಲ್ಲ ಹುಡುಗರು, ನಾಳೆ ಇದೇ ಸಾಲಿಗೆ ಬರೋರು. ಕೈ ಹಿಂದಿಡೋದು ಮೈಗೆ ಅಂಟಿಬಿಟ್ರೆ ಅದು ಚರ್ಚಿನ ಬಾಗಿಲಲ್ಲೇ ಉಳಿಯುತ್ತಾ? ನಿಂದು ಉಳೀತಾ?"

ಲೂಷಿಯಸ್ ದೀಪ ಆರಿಸಿದ. ಇಬ್ಬರೂ ಮೆಟ್ಟಿಲು ಹತ್ತಿದರು.

ಲೂಷಿಯಸ್ಸನ ಕೈ ಹೋದ ದಿನ ಭಾನುವಾರ. ಸಂಜೆಯ ಪ್ರಾರ್ಥನೆ ಮುಗಿದು ಜನ ಚದುರಿದ್ದರು. ಅವನ ಹೆಂಡತಿ ವರ್ನೆಲ್ ಚರ್ಚಿನ ಅಡುಗೆಮನೆಯಲ್ಲಿ ಉಳಿದ ಕೋಳಿ, ಸೊಪ್ಪನ್ನು ಕಟ್ಟಿಕೊಳ್ಳುತ್ತಿದ್ದಳು. ಕೊನೆಗೆ ಉಳಿದ ಅಷರ್ ಹೊರಗಿನಿಂದ ಸುತ್ತು ಹಾಕಿ ಪ್ರತಿ ಬಾಗಿಲ ಹಿಡಿಯನ್ನೂ ಎಳೆದು ನೋಡಬೇಕು. ಅದು ವಾಡಿಕೆ. ಲೂಷಿಯಸ್ ಬಿಳಿ ಕೋಟು, ಬಿಳಿ ಕೈಗವಸಿನಲ್ಲೇ ಪಕ್ಕದ ಬಾಗಿಲು ಎಳೆದು ನೋಡುತ್ತಿದ್ದಾಗ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದವರು ಯಾರೋ ಪೊಲೀಸರಿಗೆ ಫೋನು ಮಾಡಿದರು. ಚರ್ಚಿನ ಬಾಗಿಲು ಒಡೆಯಲು ನೋಡುತ್ತಿದ್ದಾನೆ ಎಂದರಂತೆ.

ಬಂದವನು ಡ್ಯಾನಿ ಮೋಕ್ ಎಂಬ ಎಳೆಯ ಪೊಲೀಸ್ ಅಧಿಕಾರಿ. ಕಾರಿನಿಂದ ಇಳಿದವನೇ ಟಾರ್ಚು ಹಾಕಿ, "ನಿಲ್ಲು. ಅಲ್ಲಾಡಬೇಡ," ಎಂದ.

ಲೂಷಿಯಸ್ ನಿಂತ. ನಿಲ್ಲು ಎಂದರೆ ಹೇಗೆ ನಿಲ್ಲಬೇಕೆಂದು ಅವನ ಮೈಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು ಒಂದೇ ರೀತಿ. ಹಿಮ್ಮಡಿಗಳು ಜೋಡಿಯಾದವು, ಬೆನ್ನು ನೆಟ್ಟಗಾಯಿತು, ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಕೈ ತೋರಿಸು ಎಂಬ ಎರಡನೆಯ ಆಜ್ಞೆಯೂ ಪೊಲೀಸನೂ ಒಟ್ಟಿಗೇ ಮೇಲೆ ಬಿದ್ದರು. ಮುಂದಿನದು ಬಹಳ ಹೊತ್ತೇನೂ ಹಿಡಿಯಲಿಲ್ಲ. ಹಿಂದಿದ್ದ ಕೈಯನ್ನು ಹಿಡಿದು ಮೇಲಕ್ಕೆ ತಿರುಚಿ, ಮುಖ ಕೆಳಗೆ ಮಾಡಿ ಕೆಡವಿ, ಬೆನ್ನ ಮೇಲೆ ಮಂಡಿ ಊರಿದ್ದ. ಒಣಗಿದ ಕೊಂಬೆ ಮುರಿದಂತೆ ಭುಜ ಸದ್ದು ಮಾಡಿತು. ವರ್ನೆಲ್ ತಟ್ಟೆ ಹಿಡಿದುಕೊಂಡೇ ಓಡಿ ಬಂದು, "ಅವನು ಅಷರ್ ಕಣಪ್ಪ, ನಮ್ಮ ಅಷರ್," ಎನ್ನುತ್ತಿದ್ದಳು. ಮುಷ್ಟಿ ಬಿಡಿಸಿ ನೋಡಿದಾಗ ಒಳಗೆ ಏನೂ ಇರಲಿಲ್ಲ.

ಇದೆಲ್ಲ ಮೋಕ್‌ನ ಎದೆಯ ಮೇಲಿದ್ದ ಕ್ಯಾಮೆರಾದಲ್ಲಿ ದಾಖಲಾಗಿತ್ತು. ವಕೀಲೆ ರೋಸಲಿಂಡ್ ಗೇಜ್ ತನ್ನ ಆಫೀಸಿನಲ್ಲಿ ಮೊದಲ ಸಲ ಅದನ್ನು ತೋರಿಸಿದಾಗ ಲೂಷಿಯಸ್ ಕೊನೆಯವರೆಗೂ ನೋಡಿದ. ಆಮೇಲೆ, "ಮೊದಲಿಂದ ಹಾಕಿ," ಎಂದು ಮತ್ತೊಮ್ಮೆ ನೋಡಿದ.

"ಚೆನ್ನಾಗಿ ನಿಂತಿದೀನಿ," ಎಂದ.

ಮಾತು ನಿಜವೇ. ಟಾರ್ಚಿನ ಬೆಳಕಿನಲ್ಲಿ ಅಷ್ಟು ನೆಟ್ಟಗೆ ನಿಂತವನನ್ನು ನೋಡಿದರೆ ಯಾವ ಚರ್ಚಿನವರೂ ಮೆಚ್ಚಬೇಕು. ಗೇಜ್ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕುಳಿತಳು. ಅವಳಿಗೆ ಅಳು ಬಂದಿತ್ತು. ಇವನಿಗೆ ಬಂದಿರಲಿಲ್ಲ.

ಕಾನೂನಿನ ವಿಷಯವನ್ನು ಅವತ್ತೇ ಅವಳು ಬಿಡಿಸಿ ಹೇಳಿದ್ದಳು. "ಬ್ರಾಂಟ್ಲಿಯವರೆ, ಪೊಲೀಸರ ಮೇಲೆ ದಾವೆ ಹಾಕಿದಾಗ ಅವರು ಮಾಡಿದ್ದು ತಪ್ಪು ಅಂತ ತೋರಿಸಿದ್ರೆ ಸಾಲದು. ಇಂಥದೇ ಸಂದರ್ಭದಲ್ಲಿ ಹೀಗೆ ಮಾಡೋದು ತಪ್ಪು ಅಂತ ಇದಕ್ಕೆ ಮುಂಚೆ ಮೇಲಿನ ಕೋರ್ಟು ತೀರ್ಪು ಕೊಟ್ಟಿರಬೇಕು. ಕೊಟ್ಟಿಲ್ಲ ಅಂದ್ರೆ, ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು ಅಂತ ವಿನಾಯಿತಿ ಕೊಟ್ಟುಬಿಡ್ತಾರೆ. ಜ್ಯೂರಿ ಮುಂದೆ ಕೇಸು ಹೋಗೋದೇ ಇಲ್ಲ."

"ಕಾನೂನು ಗೊತ್ತಿಲ್ಲ ಅಂದ್ರೆ ಬಿಡ್ತಾರೆ ಅನ್ನಿ."

"ಹೆಚ್ಚುಕಮ್ಮಿ ಹಾಗೇ."

"ನನ್ನ ಕಾರಿನ ಹಿಂದಿನ ದೀಪ ಕೆಟ್ಟಿದ್ದಾಗ ನಾನೂ ಗೊತ್ತಿಲ್ಲ ಅಂದಿದ್ದೆ. ನನ್ನ ಬಿಡ್ಲಿಲ್ಲ," ಎಂದು ಲೂಷಿಯಸ್ ಹೇಳಿದ. ತಮಾಷೆಗೆ ಹೇಳಿದನೋ ನಿಜಕ್ಕೂ ಕೇಳಿದನೋ ಅವಳಿಗೆ ತಿಳಿಯಲಿಲ್ಲ.

ಕೆಳಗಿನ ಕೋರ್ಟಿನ ನ್ಯಾಯಾಧೀಶರು ಒಳ್ಳೆಯ ಮನಸ್ಸು ಮಾಡಿದರು. ಇದನ್ನು ಊರಿನ ಜನರೇ ಜ್ಯೂರಿಯಲ್ಲಿ ಕೂತು ಕೇಳಲಿ ಎಂದರು. ಆ ರಾತ್ರಿ ವರ್ನೆಲ್ ಪೀಚ್ ಹಣ್ಣಿನ ಕಡುಬು ಮಾಡಿದ್ದಳು. ಆದರೆ ವಿಚಾರಣೆ ಶುರುವಾಗುವ ಮೊದಲೇ ಮೋಕ್‌ನ ಕಡೆಯವರು ವಿನಾಯಿತಿ ಬೇಕೆಂದು ಮೇಲಿನ ನ್ಯಾಯಾಲಯಕ್ಕೆ ಹೋದರು. ಹಾಗೆ ಹೋಗುವ ಹಕ್ಕು ಅವರಿಗಿದೆಯಂತೆ. ಕೇಸು ಇದ್ದಲ್ಲೇ ನಿಂತಿತು. ಅಷ್ಟರಲ್ಲಿ ಲೂಷಿಯಸ್ಸನ ಭುಜಕ್ಕೆ ಎರಡನೆಯ ಆಪರೇಷನ್ ಆಗಿ, ಇನ್ನು ಮಾಡುವುದು ಏನೂ ಇಲ್ಲವೆಂದು ಡಾಕ್ಟರು ಕೈ ತೊಳೆದುಕೊಂಡಿದ್ದರು.

ಇದಕ್ಕೆಲ್ಲ ಮುಂಚೆ, ಎರಡೂ ಕಡೆಯ ವಕೀಲರು ಸಾಕ್ಷಿಗಳ ಹೇಳಿಕೆ ಬರೆಸಿಕೊಳ್ಳುವಾಗ ನಡೆದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಮೋಕ್‌ನ ವಕೀಲ ಬಹಳ ವಿನಯದ ಮನುಷ್ಯ. ಸೇವೆಯ ನಿಲುವು ಹೇಗಿರುತ್ತದೆಂದು ತೋರಿಸಿ ಎಂದು ಲೂಷಿಯಸ್ಸನನ್ನು ಕೇಳಿದ. ಲೂಷಿಯಸ್ಸನಿಗೆ ಆಗಲಿಲ್ಲ. ಇವನ ಪರ ಸಾಕ್ಷಿ ಹೇಳಲು ಬಂದಿದ್ದ ಹೋಸಿಯಾ ಎದ್ದು ನಿಂತು ತೋರಿಸಿದ. ಬಹಳ ಅಂದವಾಗಿಯೇ ತೋರಿಸಿದ.

"ಬೆರಳು ಬಿಡಿಸಿರುತ್ತೋ, ಮುಷ್ಟಿ ಕಟ್ಟಿರುತ್ತೋ?" ಎಂದು ಆ ವಕೀಲ ಕೇಳಿದ.

"ಮುಷ್ಟಿ."

"ಎದುರಿಗೆ ಇರೋರಿಗೆ ಆ ಮುಷ್ಟೀಲಿ ಏನಿದೆ ಅಂತ ಕಾಣುತ್ತಾ, ಪೆಟಿಗ್ರೂ ಅವರೇ?"

ಹೋಸಿಯಾ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ್ದ. "ಕಾಣಲ್ಲ," ಎಂದ.

ಹೊರಗೆ ಬಂದ ಮೇಲೆ ಅವನು ಲೂಷಿಯಸ್ಸನಿಗೆ ಕಾರಿನ ಬಾಗಿಲು ತೆಗೆದು ಹಿಡಿದ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮೇಲಿನ ನ್ಯಾಯಾಲಯದಲ್ಲಿ ವಾದ ಕೇಳಿದ್ದು ವಸಂತ ಕಾಲದಲ್ಲಿ. ಅಷರ್‌ಗಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನ ವ್ಯಾನಿನಲ್ಲಿ ಜೊತೆಗೆ ಹೋದರು. ಬಾಗಿಲು ತೆರೆಯುವವರೆಗೆ ಹೊರಗಿನ ಮೊಗಸಾಲೆಯಲ್ಲಿ ಕಾಯಬೇಕಾಯಿತು. ಯಾರೂ ಹೇಳದಿದ್ದರೂ ಗೋಡೆಗುಂಟ ಸಾಲಾಗಿ ನಿಂತರು, ಎಲ್ಲರ ಎಡಗೈಯೂ ಬೆನ್ನ ಹಿಂದೆ. ನ್ಯಾಯಾಲಯದ ಕಾವಲುಗಾರನೊಬ್ಬ ಆ ಕಡೆಯಿಂದ ಬಂದ. ಅವನು ಹೆಜ್ಜೆಯನ್ನು ನಿಧಾನ ಮಾಡಿ, ಸೊಂಟದ ಪಟ್ಟಿಯ ಹತ್ತಿರ ಕೈ ತಂದು, ಸಾಲಿನ ಮೊಣಕೈಗಳನ್ನು ಒಂದೊಂದಾಗಿ ನೋಡುತ್ತ ಬಂದ. ಹೋಸಿಯಾ ಮೊದಲು ತನ್ನ ಕೈಯನ್ನು ಮುಂದೆ ತಂದ. ಪಕ್ಕದಲ್ಲಿದ್ದ ಮೋಜೆಲ್ ತಂದಳು. ಹಾಗೆ ಸಾಲು ಪೂರ್ತಿ ಕೈಗಳು ಮುಂದೆ ಬಂದವು. ತುದಿಯ ಬೆಂಚಿನಲ್ಲಿ ಕುಳಿತಿದ್ದ ಲೂಷಿಯಸ್ ಅದನ್ನು ನೋಡಿದ. ಅವನಿಗೆ ಭುಜ ಮುರಿದ ದಿನಕ್ಕಿಂತ ಹೆಚ್ಚು ಅವಮಾನವಾದದ್ದು ಆಗ.

ಒಳಗೆ ಮೂವರು ನ್ಯಾಯಾಧೀಶರು ಎತ್ತರದಲ್ಲಿ ಕುಳಿತಿದ್ದರು. ಕೆಟ್ಟವರಂತೆ ಕಾಣಲಿಲ್ಲ. ನಡುವೆ ಕುಳಿತಿದ್ದ ಮುದುಕ ಆಗಾಗ ನೀರು ಕುಡಿಯುತ್ತ ಗೇಜ್‌ಳನ್ನು ಕೇಳಿದ.

"ಎರಡೂ ಕೈ ಎತ್ತಿ ಶರಣಾದವನ ಮೇಲೆ ಬಲ ಬಳಸಬಾರದು ಅಂತ ನಮ್ಮದೇ ತೀರ್ಪಿದೆ. ನೆಲದ ಮೇಲೆ ಮಲಗಿದವನ ಮೇಲೆ ಬಳಸಬಾರದು ಅಂತಲೂ ಇದೆ. ನಿಂತುಕೊಂಡು, ಒಂದು ಕೈ ಬೆನ್ನ ಹಿಂದೆ ಇಟ್ಟವನ ಬಗ್ಗೆ ಏನಾದರೂ ಇದೆಯೇ, ವಕೀಲರೆ?"

"ಅಲ್ಲಾಡಬೇಡ ಅಂದರು. ನನ್ನ ಕಕ್ಷಿದಾರರು ಅಲ್ಲಾಡಲಿಲ್ಲ, ಸ್ವಾಮಿ."

"ಕೈ ಅಲ್ಲಾಡಿತಲ್ಲ."

"ಅದು ಚರ್ಚು. ಅವರು ಬಿಳಿ ಕೋಟು, ಕೈಗವಸು ಹಾಕಿದ್ದರು."

"ಅರ್ಥವಾಯಿತು. ಅಂಥ ತೀರ್ಪು ಇದೆಯೇ ಅಂತ ಕೇಳಿದೆ."

ಗೇಜ್ ಇದಕ್ಕೆ ಹತ್ತಿರದ ತೀರ್ಪುಗಳನ್ನು ನಾಲ್ಕಾರು ಹೇಳಿದಳು. ಒಂದರಲ್ಲಿ ಕೈ ಜೇಬಿನಲ್ಲಿತ್ತು, ಒಂದರಲ್ಲಿ ಪೊಲೀಸರ ಕೈಗೆ ಸಿಕ್ಕವನು ಮಂಡಿಯೂರಿದ್ದ, ಒಂದರಲ್ಲಿ ಬೇಡಿ ಹಾಕಿಯಾಗಿತ್ತು. ಮುದುಕ ಪ್ರತಿಯೊಂದಕ್ಕೂ ತಲೆಯಾಡಿಸಿ, ಅದು ಬೇರೆ ಎಂದ. ಎದ್ದು ನಿಂತು ತೋರಿಸಿಬಿಡಬೇಕೆಂದು ಲೂಷಿಯಸ್ಸನಿಗೆ ಅನ್ನಿಸಿತು. ತೋರಿಸಲು ಕೈ ಬರುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ತೀರ್ಪು ಬಂದದ್ದು ಆಗಸ್ಟಿನಲ್ಲಿ, ಹೋಸಿಯಾನ ಜೊತೆ ಜಗಳವಾದ ಮುಂದಿನ ವಾರದಲ್ಲೇ. ಮಧ್ಯಾಹ್ನ ವರ್ನೆಲ್ ಕಿಟಕಿಯ ಹತ್ತಿರ ಅವರೆಯಂಥ ಬೆಣ್ಣೆಕಾಳು ಸುಲಿಯುತ್ತ ಕುಳಿತಿದ್ದಳು. ಮನೆಯ ಮುಂದೆ ಗೇಜ್‌ಳ ಕಾರು ಬಂದು ನಿಂತಿತು. ವಕೀಲೆ ಬಹಳ ಹೊತ್ತು ಇಳಿಯಲಿಲ್ಲ.

"ಒಳ್ಳೆ ಸುದ್ದಿ ಆಗಿದ್ರೆ ಫೋನ್ ಮಾಡಿರೋಳು," ಎಂದು ವರ್ನೆಲ್ ಹೇಳಿ, ಕಾಳಿನ ಬೋಗುಣಿಯನ್ನು ಕೆಳಗಿಟ್ಟಳು.

ಗೇಜ್ ಒಳಗೆ ಬಂದು ಸೋಫಾದ ಅಂಚಿನಲ್ಲಿ ಕುಳಿತು ಸುತ್ತು ಬಳಸದೆ ಹೇಳಿದಳು. ಮೋಕ್‌ಗೆ ವಿನಾಯಿತಿ ಸಿಕ್ಕಿದೆ. ಜ್ಯೂರಿ ಇಲ್ಲ, ವಿಚಾರಣೆ ಇಲ್ಲ.

"ಅವನು ಮಾಡಿದ್ದು ತಪ್ಪು ಅಂದ್ರಾ?" ಎಂದು ಲೂಷಿಯಸ್ ಕೇಳಿದ.

"ಇಲ್ಲ."

"ಸರಿ ಅಂದ್ರಾ?"

"ಅದೂ ಅನ್ನಲಿಲ್ಲ. ಇಂಥ ತೀರ್ಪು ಹಿಂದೆ ಯಾವುದೂ ಇಲ್ಲ, ಅಷ್ಟರಿಂದಲೇ ಅವನಿಗೆ ವಿನಾಯಿತಿ ಸಿಗುತ್ತೆ. ತಪ್ಪೋ ಸರಿಯೋ ಅನ್ನೋದನ್ನ ನಾವು ಈಗ ತೀರ್ಮಾನ ಮಾಡೋ ಅಗತ್ಯ ಇಲ್ಲ ಅಂತ ಬರೆದಿದಾರೆ."

ವರ್ನೆಲ್ ಅವಳ ಕಡೆ ತಿರುಗಿದಳು. "ಹಾಗಾದ್ರೆ ನಾಳೆ ಇನ್ನೊಬ್ಬರಿಗೆ ಹೀಗೇ ಆಯ್ತು ಅನ್ನಿ. ಅವರು ಕೋರ್ಟಿಗೆ ಹೋದ್ರೆ?"

"ಹಿಂದೆ ಇಂಥ ತೀರ್ಪು ಯಾವುದೂ ಇಲ್ಲ ಅಂತಾನೇ ಆಗುತ್ತೆ, ಅಮ್ಮ."

"ನಮ್ಮ ಲೂಗೆ ಆಗಿದ್ದೂ ಲೆಕ್ಕಕ್ಕಿಲ್ಲ."

"ಇಲ್ಲ."

"ಗೆದ್ದೋನು ಅವನೇ ಆಗ್ಲಿ. ಆದ್ರೂ ಇದು ತಪ್ಪು ಅಂತ ಒಂದು ಸಾಲು ಬರೆದಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು?" ಎಂದು ವರ್ನೆಲ್ ಹೇಳಿದಳು. ಅವಳ ದನಿ ಏರಲಿಲ್ಲ. ಗೇಜ್ ತಲೆ ತಗ್ಗಿಸಿದಳು. ಅವಳೂ ಕೋರ್ಟನ್ನು ಅಷ್ಟನ್ನೇ ಕೈಮುಗಿದು ಕೇಳಿಕೊಂಡಿದ್ದಳು.

"ನಾನು ನಿಂತಿದ್ದರ ಬಗ್ಗೆ ಏನು ಬರೆದಿದಾರೆ?" ಎಂದು ಲೂಷಿಯಸ್ ಕೇಳಿದ.

ಅವಳು ಹೇಳಲು ಹಿಂದೆಮುಂದೆ ನೋಡಿದಳು. "ಎಡಗೈಯನ್ನ ಅಧಿಕಾರಿಗೆ ಕಾಣದ ಹಾಗೆ ಮರೆಮಾಡಿದ್ರು ಅಂತ."

"ಮರೆಮಾಡಿದ."

"ಹೌದು. ಮುಷ್ಟೀಲಿ ಏನಿತ್ತು ಅನ್ನೋದು ಕಾಣೋ ಹಾಗಿರಲಿಲ್ಲ ಅಂತ ಇವರ ಕಡೆ ಸಾಕ್ಷಿಯೇ ಒಪ್ಪಿಕೊಂಡಿದಾರೆ ಅಂತಲೂ ಇದೆ."

"ಹೋಸಿಯಾನ ಹೆಸರು ಹಾಕಿದಾರಾ?"

"ಹಾಕಿದಾರೆ."

ಲೂಷಿಯಸ್ ತಲೆಯಾಡಿಸಿದ. ಇನ್ನೂ ಮೇಲೆ, ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ಆದರೆ ನೂರರಲ್ಲಿ ಒಂದನ್ನೂ ಅವರು ಕೈಗೆತ್ತಿಕೊಳ್ಳುವುದಿಲ್ಲ ಎಂದು ಗೇಜ್ ಹೇಳಿದಳು. ಹಾಕೋಣವೇ ಎಂದು ಕೇಳಿದಳು. ಲೂಷಿಯಸ್ ಎದ್ದು ನಿಂತ. "ಇಷ್ಟು ದೂರ ಬಂದಿದೀರಿ, ಊಟ ಮಾಡ್ಕೊಂಡು ಹೋಗಿ," ಎಂದ. ಅವಳು ಊಟ ಮಾಡಲಿಲ್ಲ. ವರ್ನೆಲ್ ಸುಲಿದ ಕಾಳಿನಲ್ಲಿ ಅರ್ಧ ಕಟ್ಟಿಕೊಟ್ಟಳು.

ಕಾರು ಹೋದ ಮೇಲೆ ಲೂಷಿಯಸ್ ಜಗಲಿಯ ಕುರ್ಚಿಯಲ್ಲಿ ಹೋಗಿ ಕುಳಿತ. ಸಿಟ್ಟು ಬರುತ್ತದೆಂದುಕೊಂಡು ಕಾದ. ಬಸ್ಸು ಬಾರದ ನಿಲ್ದಾಣದಲ್ಲಿ ಕಾದಂತೆ ಸಂಜೆಯವರೆಗೂ ಕಾದ. ಅಳುವೂ ಬರಲಿಲ್ಲ. ಎಡಗೈಯಲ್ಲಿದ್ದ ಮರಗಟ್ಟುವಿಕೆ ಭುಜ ದಾಟಿ ಮೈಗೆಲ್ಲ ಹಬ್ಬಿತೋ ಏನೋ ಎನ್ನಿಸಿ, ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡ. ಅವು ಸರಿಯಾಗಿಯೇ ಇದ್ದವು. ರಸ್ತೆಯಲ್ಲಿ ಹೋಗುವವರು ಯಾರೋ ನಮಸ್ಕಾರ ಹೇಳಿದರು, ಇವನೂ ಹೇಳಿದ.

ವರ್ನೆಲ್ ಬಂದು ಪಕ್ಕದಲ್ಲಿ ಕುಳಿತಳು. "ಹೋಸಿಯಾ ಫೋನ್ ಮಾಡಿದ್ದ. ಟೀವಿ ಸುದ್ದೀಲಿ ನೋಡಿದಾನೆ."

"ಏನಂದ?"

"ಏನೂ ಅನ್ನಲಿಲ್ಲ. ಲೂ ಇದಾನಾ ಅಂದ, ಇದಾನೆ ಅಂದೆ. ಆಮೇಲೆ ಇಬ್ಬರೂ ಸುಮ್ನೆ ಫೋನ್ ಹಿಡ್ಕೊಂಡಿದ್ವಿ. ಆ ಮನುಷ್ಯ ಅಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದು ನಾನು ಇದೇ ಮೊದಲು ಕಂಡಿದ್ದು."

ಭಾನುವಾರ ಬೆಳಿಗ್ಗೆ ವರ್ನೆಲ್ ಎಂದಿನಂತೆ ಗಂಡನಿಗೆ ಕೈಗವಸು ತೊಡಿಸಿದಳು. ಬಲಗೈಯದನ್ನು ಅವನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಳ್ಳುತ್ತಿದ್ದ. ಎಡಗೈಗೆ ಅವಳೇ ಆಗಬೇಕು, ಮಗುವಿಗೆ ಕಾಲುಚೀಲ ಹಾಕಿದಂತೆ ಒಂದೊಂದೇ ಬೆರಳನ್ನು ಸರಿಮಾಡಿ ಒಳಗೆ ತಳ್ಳಬೇಕು. "ಇವತ್ತು ಹೋಗಲೇಬೇಕಾ?" ಎಂದು ಕೇಳಿದಳು. "ಸಾಲು ಕಾಯ್ತಿರುತ್ತೆ," ಎಂದ. ಅವಳು ಕೋಟಿನ ಕಾಲರಿನ ಮೇಲಿದ್ದ ಎಳೆಯೊಂದನ್ನು ತೆಗೆದಳು.

ಚರ್ಚಿನ ಮುಂಬದಿಯ ಪಡಸಾಲೆಯಲ್ಲಿ, ಒಳಗೆ ಹೋಗುವ ದೊಡ್ಡ ಬಾಗಿಲ ಮುಂದೆ ಅಷರ್‌ಗಳು ಆಗಲೇ ಸಾಲಾಗಿ ನಿಂತಿದ್ದರು. ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಇವನು ಬಂದದ್ದನ್ನು ಕಂಡು ಸಾಲು ನೆಟ್ಟಗಾಯಿತು. ಮೋಜೆಲ್ ಮೂಗು ಒರೆಸಿಕೊಂಡಳು. ಹೋಸಿಯಾ ಇಂದು ಕೊನೆಯಲ್ಲಿರಲಿಲ್ಲ, ಸಾಲಿನ ಮೊದಲಲ್ಲಿ ಬಂದು ನಿಂತಿದ್ದ. ಹಿಮ್ಮಡಿ ಜೋಡಿಸಿ, ಗಲ್ಲ ಎತ್ತಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಅವನ ನಂತರ ಮೋಜೆಲ್, ಅವಳ ನಂತರ ಉಳಿದವರು, ಎಲ್ಲರೂ ಹಾಗೆಯೇ. ಒಬ್ಬರ ಮೊಣಕೈಯೂ ತಪ್ಪಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಸಾಲನ್ನು ಲೂಷಿಯಸ್ ತನ್ನ ಕಾಲದಲ್ಲಿ ಕಂಡಿರಲಿಲ್ಲ.

ಹೋಸಿಯಾ ಅವನನ್ನೇ ನೋಡುತ್ತಿದ್ದ. ಏನಾದರೂ ಹೇಳು ಎಂಬಂತೆ ನೋಡುತ್ತಿದ್ದ.

ಲೂಷಿಯಸ್ ಸಾಲಿನ ಹಿಂದೆ ಹೋದ. ಹೋಸಿಯಾನ ಬೆನ್ನಿನ ಮೇಲಿದ್ದ ಮುಷ್ಟಿಯನ್ನು ತನ್ನ ಬಲಗೈಯಿಂದ ಹಿಡಿದು ಎಳೆದ. ಅದು ಬರಲಿಲ್ಲ. ಹೋಸಿಯಾ ಬಿಗಿಯಾಗಿ ಹಿಡಿದುಕೊಂಡಿದ್ದ.

"ಬಿಡು," ಎಂದ ಲೂಷಿಯಸ್, ಮೆಲ್ಲಗೆ.

"ಲೂಷಿಯಸ್, ಅವತ್ತು ಅಲ್ಲಿ ನಾನು ಹೇಳಿದ್ದು—"

"ನಿಜ ಹೇಳಿದೆ. ಬಿಡು."

"ನೀನು ನಿಂತಿದ್ದು ಸರಿ ಇತ್ತು ಕಣೋ. ಹಿಂದೇನೇ ಇರ್ಲಿ. ನಾನು ಸಾಯೋ ತನಕ ಹಿಂದೇನೇ ಇಡ್ತೀನಿ."

"ಸಾಲಲ್ಲಿ ಮಾತಾಡಬಾರದು, ಹೋಸಿಯಾ."

ಮುಷ್ಟಿ ಬಿಚ್ಚಿತು. ಲೂಷಿಯಸ್ ಆ ಕೈಯನ್ನು ಸೊಂಟದ ಪಕ್ಕದಿಂದ ಬಳಸಿ ಮುಂದಕ್ಕೆ ತಂದು, ಬಲಗೈಯ ಮೇಲಿಟ್ಟು, ಕೈಗವಸಿನ ಸುಕ್ಕು ತೀಡಿದ. ಮೋಜೆಲ್‌ಳ ಹಿಂದೆ ಹೋದ. ಅವಳ ಕೈ ಒದ್ದೆಯಾಗಿತ್ತು, ಹಗುರವಾಗಿ ಬಂದಿತು. ಹಾಗೆ ಒಬ್ಬೊಬ್ಬರ ಹಿಂದೆಯೂ ಹೋಗಿ, ಒಬ್ಬೊಬ್ಬರ ಎಡಗೈಯನ್ನೂ ಬೆನ್ನಿನಿಂದ ಬಿಡಿಸಿ ಮುಂದೆ ತಂದಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಕಾಣಲಿಲ್ಲ. ಗ್ಯಾರೇಜಿನಲ್ಲಿ ಬಸ್ಸಿನ ಚಕ್ರದ ಬೋಲ್ಟುಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುವಾಗಲೂ ಅವನು ಹೀಗೆಯೇ ಇರುತ್ತಿದ್ದ.

ಕೊನೆಯವರದೂ ಆದ ಮೇಲೆ ಸಾಲಿನ ಮುಂದೆ ಬಂದು ತನ್ನ ಜಾಗದಲ್ಲಿ ನಿಂತ. ಅವನ ಎಡಗೈ ಪಕ್ಕದಲ್ಲಿ ತೂಗುತ್ತಿತ್ತು. ಹೋಸಿಯಾ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಅದನ್ನು ಎತ್ತಿ, ಅವನ ಬಲಗೈಯ ಮೇಲೆ ಇಟ್ಟು, ಹಿಂದೆ ಸರಿದ.

ಒಳಗೆ ಆರ್ಗನ್ ಶುರುವಾಯಿತು. ಬೀದಿ ಕಡೆಯ ಬಾಗಿಲು ತೆರೆದುಕೊಂಡು ಬಿಸಿಲೂ ಜನವೂ ಪಡಸಾಲೆಗೆ ನುಗ್ಗಿದರು. ಹ್ಯಾಟು ತೊಟ್ಟ ಮುದುಕಿಯೊಬ್ಬಳು ಮೊದಲು ಬಂದು, ಸಾಲಿನ ಕೈಗಳನ್ನು ನೋಡಿ, ಒಂದು ಕ್ಷಣ ತಡೆದಳು. ಎಲ್ಲಿ ಕೂರಬೇಕೆಂದು ತಿಳಿಯಲು ಲೂಷಿಯಸ್ಸನ ಮುಖ ನೋಡಿದಳು. ದಾರಿ ತೋರಿಸಲು ಅವನು ಬಲಗೈ ಎತ್ತಿದ. ಆಸರೆ ತಪ್ಪಿದ ಎಡಗೈ ಕೆಳಗೆ ಜಾರಿ, ಎಲ್ಲರಿಗೂ ಕಾಣುವಂತೆ ಅವನ ಪಕ್ಕದ ಬಿಸಿಲಿನಲ್ಲಿ ತೂಗುತ್ತ ನಿಂತಿತು.